ಬ್ಯಾಸಗಿ ಹೆಂಗ ಕಳೀತಿದ್ರು? ಜೇವರ್ಗಿ ಕಡೆಯ ಮಾಳಿಗಿ ಮನೆಯ ಲೆಕ್ಕ

ಶಾಲೆಯಲ್ಲಿದ್ದಾಗ ಒಂದು ಪ್ರಶ್ನೆಗೆ ನಾವು ಉತ್ತರ ಬಾಯಿಪಾಠ ಮಾಡಿದ್ವಿ. ಅಮೆರಿಕಕ್ಕೆ ಮೊದಲು ಹೋಗಿ ನೆಲೆಸಿದವರ ದಿನನಿತ್ಯದ ಬದುಕನ್ನು ಅಲ್ಲಿನ ಚಳಿ ಹೇಗೆ ಬದಲಾಯಿಸಿತು? ಉತ್ತರ ಇವತ್ತಿಗೂ ನೆನಪಿದೆ. 1620ರ ಕೊನೆಗೆ ಮೇಫ್ಲವರ್ ಹಡಗಿನಲ್ಲಿ ಪ್ಲಿಮತ್‌ಗೆ ಬಂದ 102 ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಉಳಿದವರು, ಅವರ ನಂತರ ಬಂದವರು ನಿಧಾನಕ್ಕೆ ಕಲಿತರು. ಮನೆಗೊಂದು ದೊಡ್ಡ ಒಲೆ, ಬೇಸಿಗೆಯಿಡೀ ಕಟ್ಟಿಗೆ ಕಡಿದು ಒಟ್ಟೋದು, ಮಾಂಸಕ್ಕೆ ಉಪ್ಪು ಹಚ್ಚಿಡೋದು, ಗಡ್ಡೆ ತರಕಾರಿಯನ್ನ ನೆಲದೊಳಗಿನ ಕೋಣೆಯಲ್ಲಿ ಕಾಪಾಡೋದು. ನಮಗೆ ಫುಲ್ ಮಾರ್ಕ್ಸ್ ಬಂತು.

ಅದನ್ನ ಬಾಯಿಪಾಠ ಮಾಡಿದ್ದು ಮಾರ್ಚ್ ತಿಂಗಳ ಮಧ್ಯಾಹ್ನ, ಕರೆಂಟ್ ಹೋದ ಮನೆಯಲ್ಲಿ, ಬೆವರು ಒರೆಸಿಕೊಳ್ಳುತ್ತಾ. ಹಿಮವನ್ನ ನಾವು ಇವತ್ತಿನವರೆಗೂ ಕಣ್ಣಾರೆ ನೋಡಿಲ್ಲ. ನಮ್ಮ ಮುತ್ಯಾ, ಆಯಿ ಫ್ಯಾನೂ ಇಲ್ಲದೆ ಇದೇ ಬಿಸಿಲನ್ನ ಹೇಗೆ ಕಳೆದರು ಅಂತ ನಮ್ಮ ಯಾವ ಪುಸ್ತಕವೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಈ ಸಲ ರಜೆಗೆ ಊರಿಗೆ ಹೋದಾಗ ಕೇಳಲೇಬೇಕಾಯ್ತು. ನಾವು ಅಂದ್ರೆ ಇಬ್ಬರು, ಅಣ್ಣ ತಮ್ಮಂದಿರ ಮಕ್ಕಳು. ಒಬ್ಬ ಸಿವಿಲ್, ಒಬ್ಬ ಮೆಕ್ಯಾನಿಕಲ್, ಇಬ್ಬರೂ ಎರಡನೇ ವರ್ಷ. ಊರು ಜೇವರ್ಗಿ ತಾಲೂಕಿನ ಒಂದು ಹಳ್ಳಿ. ಅಲ್ಲಿ ಮುತ್ಯಾ ಕಟ್ಟಿಸಿದ ಮಾಳಿಗಿ ಮನೆ ಇದೆ. ಮುಂದಿನ ಅರ್ಧ ಕೆಡವಿ ಹತ್ತು ವರ್ಷದ ಹಿಂದೆ ಆರ್‌ಸಿಸಿ ಹಾಕಿಸಿದ್ದಾರೆ. ಹಿಂದಿನ ಅರ್ಧವನ್ನೂ ಕೆಡವೋಣ ಅಂತ ಮಾತಾಗಿತ್ತು, ಜೆಸಿಬಿಯವನಿಗೆ ಹೇಳಿಯೂ ಆಗಿತ್ತು. ರಾತ್ರಿ ಊಟಕ್ಕೆ ಕೂತಾಗ ಕಾಕಾ (ನಮ್ಮಲ್ಲೊಬ್ಬನಿಗೆ ಅಪ್ಪ, ಇನ್ನೊಬ್ಬನಿಗೆ ಕಾಕಾ) ಕೇಳಿಯೇಬಿಟ್ಟರು: "ಇಬ್ರೂ ಇಂಜಿನಿಯರಿಂಗ್ ಓದ್ಲಕತ್ತೀರಿ. ನೀವೇ ಹೇಳ್ರಿ, ಕೆಡವಬೇಕೋ ಬ್ಯಾಡೋ?"

ನಮ್ಮ ಹತ್ರ ಉತ್ತರ ಇರಲಿಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಮುಂದಿನ ಹಾಲ್‌ನಲ್ಲಿ ಕೂಲರ್ ಇದ್ರೂ ಆಯಿ ಮಧ್ಯಾಹ್ನ ಹಿಂದಿನ ಖೋಲಿ ಬಿಟ್ಟು ಬರ್ತಿರಲಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದದ್ದೇ ಈ ಲೇಖನ.

ಇಲ್ಲಿ ಬಿಸಿಲು ಇಷ್ಟು ಯಾಕೆ?

ಜೇವರ್ಗಿ ಇರೋದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ 8ನೇ ತಾರೀಖಿನ ಆಸುಪಾಸು ಮಟಮಟ ಮಧ್ಯಾಹ್ನ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬರ್ತಾನೆ. ಅವತ್ತು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರೋದಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ ಹೀಗೇ ಆಗುತ್ತೆ, ಆದರೆ ಆಗ ಮೋಡ ಅಡ್ಡ ಇರುತ್ತೆ. ಮೇನಲ್ಲಿ ಅಡ್ಡ ಬರೋದು ಏನೂ ಇಲ್ಲ.

ಸಮುದ್ರ ದೂರ, ಗಿಡ ಕಡಿಮೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಕಣ್ಣು ಹಾಯುವಷ್ಟು ದೂರ ಎರಿ ಭೂಮಿ. ಏಪ್ರಿಲ್ ಹೊತ್ತಿಗೆ ಬೆಳೆ ತೆಗೆದು ಹೊಲ ಬರಿದಾಗಿರುತ್ತೆ. ಕಪ್ಪು ಮಣ್ಣು ಬಿಸಿಲು ಹೀರುತ್ತೆ. ನೆಲದಲ್ಲಿ ಪಸಿ ಇದ್ದಿದ್ರೆ ಆ ಶಾಖದಲ್ಲಿ ಒಂದಷ್ಟು ನೀರು ಆವಿ ಮಾಡೋದಕ್ಕೆ ಖರ್ಚಾಗುತ್ತಿತ್ತು. ಪಸಿ ಇಲ್ಲ, ಹಾಗಾಗಿ ಅದೆಲ್ಲ ನೇರವಾಗಿ ನೆಲವನ್ನೂ ಗಾಳಿಯನ್ನೂ ಕಾಯಿಸುತ್ತೆ. 42, 43 ಡಿಗ್ರಿ ನಮ್ಮ ಕಡೆ ಸುದ್ದಿಯೇ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಸೋ ಪದ್ಧತಿಯೇ ಇದೆ. ಬೆಂಗಳೂರಿನ ಗೆಳೆಯರಿಗೆ ಇದನ್ನ ಹೇಳಿದ್ರೆ ನಂಬಲ್ಲ.

ಆಯಿಯ ಟೈಮ್‌ಟೇಬಲ್

ಆಯಿಯನ್ನ ಕೂರಿಸಿಕೊಂಡು ಹಳೇ ಕಾಲದ ಬ್ಯಾಸಗಿಯ ಒಂದು ದಿನವನ್ನ ಗಂಟೆಗಂಟೆಗೆ ಬರೆದುಕೊಂಡ್ವಿ.

ಕೋಳಿ ಕೂಗೋ ಹೊತ್ತಿಗೆ ಏಳೋದು. ಬೆಳಕು ಹರಿಯೋ ಮೊದಲೇ ಹೆಂಗಸರು ನೀರು ತರೋದು, ರೊಟ್ಟಿ ಬಡಿಯೋದು ಎರಡೂ ಮುಗಿಸಬೇಕು, ಬಿಸಿಲೇರಿದ ಮೇಲೆ ಒಲೆ ಹಚ್ಚೋ ಹಾಗಿಲ್ಲ. ಗಂಡಸರು ನಸುಕಿನಲ್ಲೇ ಹೊಲಕ್ಕೆ ಹೋಗಿ ಹತ್ತು, ಹನ್ನೊಂದಕ್ಕೆ ಎತ್ತು ಬಿಚ್ಚೋರು. ತಲೆಗೆ ದಪ್ಪ ಪಟಗಾ ಸುತ್ತದೆ ಯಾರೂ ಹೊರಡ್ತಿರಲಿಲ್ಲ. ಹನ್ನೆರಡರಿಂದ ನಾಲ್ಕು ಊರೇ ಮಲಗಿರ್ತಿತ್ತು. ಮನುಷ್ಯರು ಒಳಗಿನ ಖೋಲಿಯಲ್ಲಿ, ದನ ಬೇವಿನ ಗಿಡದ ಕೆಳಗೆ. ನಾಲ್ಕರ ಮೇಲೆ ಮತ್ತೆ ಕೆಲಸ. ರಾತ್ರಿ ಊಟ ಆದ ಮೇಲೆ ಕೌದಿ ಹೊತ್ಕೊಂಡು ಎಲ್ಲರೂ ಮಾಳಿಗಿ ಮೇಲೆ.

"ಬಿಸಿಲ ಜೋಡಿ ನಾವೇನ್ ಜಗಳಾ ಮಾಡ್ತಿದ್ದಿಲ್ಲ ತಮ್ಮಾ," ಅಂದಳು ಆಯಿ. "ಅದು ಬರೋ ಹೊತ್ತಿಗಿ ನಾವ್ ಒಳಗ. ನಾವ್ ಹೊರಗ ಬರೋ ಹೊತ್ತಿಗಿ ಅದು ಹೋಗಿರ್ತಿತ್ತು."

ಆಗ ನಾವು ನಕ್ಕಿದ್ವಿ. ಮರುದಿನ ಲೆಕ್ಕ ಮಾಡಿದಾಗ ಈ ಮಾತು ಸುಮ್ಮನೆ ಹೇಳಿದ್ದಲ್ಲ ಅಂತ ಗೊತ್ತಾಯ್ತು.

ಮಾಳಿಗಿಯ ಲೆಕ್ಕ

ಟೇಪ್ ಹಿಡಿದು ಹಿಂದಿನ ಖೋಲಿ ಅಳೆದ್ವಿ. ಗೋಡೆ ಒಂದೂವರೆ ಅಡಿ ದಪ್ಪ, ಕಲ್ಲು ಮತ್ತು ಮಣ್ಣಿನದು. ಮೇಲೆ ತೊಲಿ, ತೊಲಿಯ ಮೇಲೆ ಜಂತಿ, ಜಂತಿಯ ಮೇಲೆ ಹಲಗಿ, ಅದರ ಮೇಲೆ ಒಂದು ಅಡಿ ಮಣ್ಣು. ಕಿಟಕಿ ಇಲ್ಲ ಅಂದ್ರೂ ನಡೀತದೆ, ಮಾಳಿಗಿಯಲ್ಲೊಂದು ಬೆಳಕಿಂಡಿ ಇದೆ. ಅದರಿಂದ ಬೆಳಕು ಬರುತ್ತೆ, ಮೇಲೇರಿದ ಬಿಸಿ ಗಾಳಿ ಅದರಿಂದಲೇ ಹೊರಗೆ ಹೋಗುತ್ತೆ.

ಈಗ ಮೆಕ್ಯಾನಿಕಲ್‌ನವನ ಕೆಲಸ. ಹೊರಗಿನ ಶಾಖ ದಿನಕ್ಕೊಂದು ಸಲ ಏರಿ ಇಳಿಯುತ್ತೆ, ಅಂದ್ರೆ 24 ಗಂಟೆಯ ಒಂದು ಅಲೆ. ಈ ಅಲೆ ಗೋಡೆಯೊಳಗೆ ನುಗ್ಗುವಾಗ ಎರಡು ಸಂಗತಿ ನಡೆಯುತ್ತವೆ. ಒಂದು, ಅದು ತಡವಾಗುತ್ತೆ. ಎರಡು, ಅದು ಸಣ್ಣದಾಗುತ್ತೆ. ತಡ ಎಷ್ಟು ಅನ್ನೋದು ದಪ್ಪಕ್ಕೆ ನೇರ ಅನುಪಾತದಲ್ಲಿದೆ. ಸಣ್ಣದಾಗೋದು ಎಕ್ಸ್‌ಪೊನೆನ್ಶಿಯಲ್, ಅಂದ್ರೆ ಇಷ್ಟು ದಪ್ಪದಲ್ಲಿ ಅಲೆ ಅರ್ಧವಾದರೆ, ಅದರ ಎರಡರಷ್ಟು ದಪ್ಪದಲ್ಲಿ ಕಾಲುಭಾಗ, ಮೂರರಷ್ಟಾದರೆ ಎಂಟನೇ ಒಂದು ಭಾಗ.

ಥರ್ಮಲ್ ಡಿಫ್ಯೂಸಿವಿಟಿಯ ಸಾಮಾನ್ಯ ಬೆಲೆಗಳನ್ನ ಹಾಕಿ ಅಂದಾಜು ಮಾಡಿದ್ವಿ. ಒಂದೂವರೆ ಅಡಿ ಗೋಡೆಯಲ್ಲಿ ಅಲೆ ದಾಟೋಕೆ ಕಲ್ಲಾದರೆ ಸುಮಾರು 10 ಗಂಟೆ, ಮಣ್ಣಾದರೆ 14 ಗಂಟೆ ಬೇಕು. ಒಳಗೆ ಮುಟ್ಟೋದು ಹೊರಗಿನ ಏರಿಳಿತದ ನೂರಕ್ಕೆ 2ರಿಂದ 7 ಪಾಲು. ಮಾಳಿಗಿಯ ಒಂದು ಅಡಿ ಮಣ್ಣಿಗೂ ಹತ್ತಿರ ಹತ್ತಿರ 10 ಗಂಟೆ, ನೂರಕ್ಕೆ 8 ಪಾಲು. ಇದು ಪುಸ್ತಕದ ಆದರ್ಶ ಲೆಕ್ಕ, ನಿಜವಾದ ಮನೆಯಲ್ಲಿ ಬಾಗಿಲು, ಬಿರುಕು ಎಲ್ಲ ಇರುತ್ತೆ. ಆದರೂ ದಿಕ್ಕು ಸ್ಪಷ್ಟ.

ಅಂದ್ರೆ ಮಧ್ಯಾಹ್ನ ಹನ್ನೆರಡರ ಬಿಸಿಲು ಆ ಖೋಲಿಯೊಳಗೆ ಬರೋದು ರಾತ್ರಿ ಹತ್ತರ ಮೇಲೆ. ಅದೂ ಚೂರು. ಆ ಹೊತ್ತಿಗೆ ಮನೆಯವರೆಲ್ಲ ಎಲ್ಲಿರ್ತಿದ್ರು? ಮಾಳಿಗಿ ಮೇಲೆ!

ಇಲ್ಲಿ ನಮಗೆ ಆಯಿಯ ಮಾತು ಅರ್ಥ ಆಯ್ತು. ಮನೆ ಬೇರೆ, ದಿನಚರಿ ಬೇರೆ ಅಲ್ಲ. ಗೋಡೆಯ ದಪ್ಪಕ್ಕೂ ಮಲಗೋ ಜಾಗಕ್ಕೂ ಒಂದಕ್ಕೊಂದು ಹೊಂದಾಣಿಕೆ ಇತ್ತು. ರಾತ್ರಿ ಮಣ್ಣಿನ ಮಾಳಿಗಿಯ ಮೇಲ್ಮೈ ಕಾಂಕ್ರೀಟಿಗಿಂತ ಬೇಗ ತಣ್ಣಗಾಗುತ್ತೆ, ಯಾಕಂದ್ರೆ ಕೆಳಗಿನ ಶಾಖವನ್ನ ಅದು ಅಷ್ಟು ಸುಲಭವಾಗಿ ಮೇಲಕ್ಕೆ ಬಿಡೋದಿಲ್ಲ. ಮೋಡವಿಲ್ಲದ ಒಣ ಆಕಾಶಕ್ಕೆ ನೆಲ ತನ್ನ ಶಾಖವನ್ನ ಬೇಗ ಬಿಟ್ಟುಕೊಡುತ್ತೆ. ನಸುಕಿನಲ್ಲಿ ಕೌದಿ ಹೊದ್ದುಕೊಳ್ಳಬೇಕು ಅನ್ನಿಸೋದು ಇದಕ್ಕೇ.

ಹರವಿ, ರೊಟ್ಟಿ, ಹಗೇವು

ಖೋಲಿಯ ಮೂಲೆಯಲ್ಲಿ ನೀರಿನ ಹರವಿ ಇರ್ತಿತ್ತು. ಸುಟ್ಟ ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತೆ, ಆವಿಯಾಗೋಕೆ ಬೇಕಾದ ಶಾಖವನ್ನ ಒಳಗಿನ ನೀರಿನಿಂದ ತಗೊಳ್ಳುತ್ತೆ. ಒಂದು ಕೆ.ಜಿ. ನೀರು ಆವಿಯಾಗೋಕೆ ಸುಮಾರು 2400 ಕಿಲೋಜೌಲ್ ಬೇಕು. 10 ಲೀಟರ್ ನೀರನ್ನ 10 ಡಿಗ್ರಿ ತಂಪು ಮಾಡೋಕೆ ತೆಗೆಯಬೇಕಾದ ಶಾಖ 420 ಕಿಲೋಜೌಲ್. ಭಾಗಿಸಿ ನೋಡಿ, ಒಂದು ಲೋಟದಷ್ಟು ನೀರು ಆವಿಯಾದರೆ ಸಾಕು. ಗಾಳಿ ಒಣಗಿದಷ್ಟೂ ಇದು ಚೆನ್ನಾಗಿ ನಡೆಯುತ್ತೆ. ಮಂಗಳೂರಿನ ಸೆಕೆಯಲ್ಲಿ ಹರವಿ ಇಷ್ಟು ತಂಪು ಕೊಡೋದಿಲ್ಲ. ಹಾಲ್‌ನಲ್ಲಿರೋ ಕೂಲರ್ ಮಾಡೋದೂ ಇದೇ ಕೆಲಸ, ಕರೆಂಟ್ ಬೇಕು ಅಷ್ಟೇ.

ಊಟಕ್ಕೂ ಇದೇ ಲೆಕ್ಕ. ಖಡಕ್ ರೊಟ್ಟಿಯಲ್ಲಿ ನೀರಿನ ಅಂಶ ಇಲ್ಲದಿರೋದ್ರಿಂದ ಬೂಷ್ಟು ಹಿಡಿಯಲ್ಲ, ವಾರಗಟ್ಟಲೆ ಇರುತ್ತೆ. ಒಂದು ದಿನ ಒಲೆ ಮುಂದೆ ಬೆಂದರೆ ಬಹಳ ದಿನ ಒಲೆಯಿಂದ ಬಿಡುವು. ಜೊತೆಗೆ ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮಜ್ಜಿಗಿ. ಹೊಲದಿಂದ ಬಂದವರಿಗೆ ಮೊದಲು ಜ್ವಾಳದ ಅಂಬಲಿ. ನೀರು, ಉಪ್ಪು, ಬೇಯಿಸಿದ ಹಿಟ್ಟು. ಬೆವರಿನಲ್ಲಿ ಹೋದದ್ದನ್ನ ವಾಪಸ್ ತುಂಬೋದು, ಇವತ್ತು ಓಆರ್‌ಎಸ್ ಪ್ಯಾಕೆಟ್ ಮಾಡೋ ಕೆಲಸಕ್ಕೆ ಬಹಳ ಹತ್ತಿರ.

ಇನ್ನು ಧಾನ್ಯ. ಅಮೆರಿಕದವರು ಗಡ್ಡೆಗಳನ್ನ ನೆಲದೊಳಗೆ ಇಟ್ಟರು ಅಂತ ನಾವು ಓದಿದ್ವಲ್ಲ, ನಮ್ಮ ಮನೆಯ ಅಂಗಳದ ಕೆಳಗೇ ಹಗೇವು ಇತ್ತು ಅಂತ ಮೊದಲ ಸಲ ಗೊತ್ತಾಯ್ತು. ಆಳದ ಗುಂಡಿ, ಸುತ್ತ ಕಣಕಿ, ಹೊಟ್ಟು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತೋದು. ನೆಲದ ಆಳದಲ್ಲಿ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗಲ್ಲ. ಒಳಗಿನ ಕಾಳು, ಹುಳ ಎರಡೂ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತೆ, ಹುಳ ಸಾಯುತ್ತೆ, ಜೋಳ ಉಳಿಯುತ್ತೆ. ಇದೇ ಕಾರಣಕ್ಕೆ ಹಗೇವು ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡೋರು. ದೀಪ ಆರಿದರೆ ಇಳಿಯೋ ಹಾಗಿಲ್ಲ. ನಮ್ಮ ಲ್ಯಾಬ್‌ನ ಸೇಫ್ಟಿ ಚಾರ್ಟ್‌ಗಿಂತ ಇದು ಎಷ್ಟೋ ಹಳೇದು.

ಬಿಸಿಲಿಗೂ ಒಂದು ಕೆಲಸ

ಬ್ಯಾಸಗಿಯಲ್ಲಿ ಹೊಲದ ಕೆಲಸ ಕಡಿಮೆ ಇರೋದು ಹೇಗೆ ಸಾಧ್ಯ ಆಯ್ತು? ಉತ್ತರ ಎರಿ ಮಣ್ಣಿನಲ್ಲಿದೆ. ಈ ಮಣ್ಣಿನ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಸಿವಿಲ್‌ನವರಿಗೆ ಇದು ಫೌಂಡೇಶನ್‌ನ ತಲೆನೋವು, ರೈತನಿಗೆ ಇದೇ ನೀರಿನ ಟ್ಯಾಂಕ್. ಮಳೆಗಾಲ ಮುಗಿಯೋ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಿಂಗಾರಿ ಜೋಳ ಬಿತ್ತಿದರೆ, ಆಮೇಲೆ ಮಳೆ ಬರದಿದ್ದರೂ ಮಣ್ಣಿನೊಳಗಿನ ಪಸಿಯಲ್ಲೇ ಬೆಳೆ ಬರುತ್ತೆ. ಮಾಲದಂಡಿ ಜೋಳ ಹೀಗೆ ಬೆಳೆದದ್ದೇ. ಫೆಬ್ರವರಿ, ಮಾರ್ಚ್‌ನಲ್ಲಿ ಕಟಾವು. ರಣಬಿಸಿಲು ಬರೋ ಹೊತ್ತಿಗೆ ಕಾಳು ಮನೆಯೊಳಗೆ.

ಆಮೇಲೆ ಬಿಸಿಲನ್ನೇ ದುಡಿಸಿಕೊಳ್ಳೋರು. ಹಪ್ಪಳ, ಸಂಡಿಗಿ, ಶಾವಿಗಿ, ಮೆಣಸಿನಕಾಯಿ, ತೊಗರಿಬೇಳೆ ಎಲ್ಲಾ ಮಾಳಿಗಿ ಮೇಲೆ ಒಣಗೋದು. ಮಳೆ ಬರೋ ಮೊದಲು ಮಾಳಿಗಿಗೆ ಹೊಸ ಸವುಳ ಮಣ್ಣು ಹಾಕೋದೂ ಇದೇ ಕಾಲಕ್ಕೆ. ಸವುಳ ಮಣ್ಣೇ ಯಾಕೆ? ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದಾಗ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನ ಮುಚ್ಚುತ್ತವೆ, ನೀರು ಇಳಿಯೋದಿಲ್ಲ. ಮೇಲಾಗಿ ಅದರಲ್ಲಿ ಹುಲ್ಲೂ ಸರಿಯಾಗಿ ಬೆಳೆಯಲ್ಲ. ಹೊಲಕ್ಕೆ ಬೇಡವಾದ ಮಣ್ಣು ಮನೆಗೆ ವಾಟರ್‌ಪ್ರೂಫಿಂಗ್ ಆಯ್ತು.

ಎಲ್ಲರಿಗೂ ಮಾಳಿಗಿ ಇರಲಿಲ್ಲ

ಇಷ್ಟು ಬರೆದ ಮೇಲೆ "ಹಳೇದೆಲ್ಲಾ ಬಂಗಾರ" ಅಂತ ಮುಗಿಸಿಬಿಡಬಹುದಿತ್ತು. ಆದರೆ ಆಯಿಯೇ ನಮ್ಮನ್ನ ತಡೆದಳು. "ಮಾಳಿಗಿ ಇದ್ದವರಿಗಿ ನೆಳ್ಳು ಇತ್ತು. ಗುಡಸಲದಾಗ ಇದ್ದವರಿಗಿ ಏನಿತ್ತು?" ಅಂದಳು.

ದಪ್ಪ ಗೋಡೆ ಕಟ್ಟೋಕೆ ಹೊಲ ಬೇಕು, ಎತ್ತು ಬೇಕು, ಆಳು ಬೇಕು. ಹನ್ನೆರಡರಿಂದ ನಾಲ್ಕು ಮಲಗೋ ಸ್ವಾತಂತ್ರ್ಯ ಕೂಲಿಯವರಿಗೆ ಎಷ್ಟರಮಟ್ಟಿಗೆ ಇತ್ತು? ಬಾವಿಯ ನೀರೂ ಎಲ್ಲರಿಗೂ ಒಂದೇ ಥರ ಸಿಗ್ತಿರಲಿಲ್ಲ. ಯಾರು ಸೇದಬಹುದು, ಯಾರು ದೂರ ನಿಂತು ಹಾಕಿಸಿಕೊಳ್ಳಬೇಕು ಅನ್ನೋದನ್ನ ಜಾತಿ ತೀರ್ಮಾನ ಮಾಡ್ತಿತ್ತು. ಹಗೇವು ಇದ್ದರೂ ತುಂಬೋಕೆ ಜೋಳ ಬೇಕಲ್ಲ. ಮಳೆ ಕೈಕೊಟ್ಟ ವರ್ಷ ಮಣ್ಣಿನ ಟ್ಯಾಂಕೇ ಖಾಲಿ. 1972ರ ಬರವನ್ನ ನೆನೆದರೆ ನಮ್ಮ ಕಡೆ ಹಿರಿಯರು ಇವತ್ತೂ ಮಾತು ನಿಲ್ಲಿಸ್ತಾರೆ. ಬಿಸಿಲಿಗೆ ಉಪಾಯ ಇತ್ತು, ಬರಕ್ಕೆ ಊರು ಬಿಡೋದೊಂದೇ ಉಪಾಯ. ಮುಂಬೈ, ಪುಣೆ ಕಡೆ ಗುಳೆ ಹೋಗೋದು ಇನ್ನೂ ನಿಂತಿಲ್ಲ.

ಮಾಳಿಗಿ ಮನೆಗೂ ಅದರದ್ದೇ ಕಾಟ ಇದೆ. ಚೇಳು, ಗೆದ್ದಲು, ವರ್ಷ ವರ್ಷ ಮಣ್ಣು ಹಾಕೋ ಕೆಲಸ. ಬಿಡದೆ ಮಳೆ ಹಿಡಿದರೆ ಮಣ್ಣಿನ ಗೋಡೆ ನೆನೆದು ಕುಸಿಯುತ್ತೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದನ್ನ ನಾವೇ ನೋಡಿದ್ದೇವೆ. ಅಂಥದ್ದನ್ನ ನೋಡಿದ ಮೇಲೆ ಜನ ಆರ್‌ಸಿಸಿ ಬೇಕು ಅಂದ್ರೆ ಅದು ಶೋಕಿ ಅಲ್ಲ.

ಸ್ಲ್ಯಾಬ್ ಬಂದ ಮೇಲೆ

ಹಾಗಾದರೆ ಮುಂದಿನ ಹಾಲ್‌ಗೂ ಅದೇ ಲೆಕ್ಕ ಹಾಕೋಣ. 4 ಇಂಚಿನ ಕಾಂಕ್ರೀಟ್ ಸ್ಲ್ಯಾಬ್. ಶಾಖದ ಅಲೆ ದಾಟೋಕೆ ಸುಮಾರು 3 ಗಂಟೆ ಸಾಕು. ಒಳಗೆ ಮುಟ್ಟೋದು ಹೊರಗಿನ ಏರಿಳಿತದ ಹೆಚ್ಚುಕಡಿಮೆ ಅರ್ಧ. ಅಂದ್ರೆ ಮಧ್ಯಾಹ್ನ ಒಂದು, ಎರಡರ ಬಿಸಿಲು ಸಂಜೆ ನಾಲ್ಕು, ಐದಕ್ಕೆ ನೆತ್ತಿಯ ಮೇಲೆ ಇಳಿಯುತ್ತೆ, ರಾತ್ರಿಯವರೆಗೂ ಸ್ಲ್ಯಾಬ್ ಬಿಸಿ ಉಗುಳ್ತಾನೇ ಇರುತ್ತೆ. ಪತ್ರಾಸ್ ಹೊದಿಸಿದ ಮನೆಯಲ್ಲಂತೂ ತಡ ಅನ್ನೋದೇ ಇಲ್ಲ.

ಇನ್ನೊಂದು ವಿಷಯ. ಈಗ ಯಾರೂ ಮೇಲೆ ಮಲಗಲ್ಲ. ಸೊಳ್ಳೆ, ಕಳ್ಳರ ಭಯ, ಟಿವಿ, ಚಾರ್ಜರ್ ಎಲ್ಲ ಒಳಗೆ. ಅಂದ್ರೆ ನಾವು ಮನೆಯನ್ನೂ ಬದಲಾಯಿಸಿದ್ವಿ, ಟೈಮ್‌ಟೇಬಲನ್ನೂ ಬದಲಾಯಿಸಿದ್ವಿ, ಎರಡೂ ತಪ್ಪು ದಿಕ್ಕಿಗೆ. ಮನೆ ಅತಿ ಬಿಸಿಯಾಗಿರೋ ಹೊತ್ತಿಗೇ ನಾವು ಒಳಗೆ. ಮಧ್ಯದ ತೂತನ್ನ ಕೂಲರ್ ಮುಚ್ಚುತ್ತೆ. ಕರೆಂಟ್ ಹೋದ ಕೂಡಲೇ ತೂತು ಮತ್ತೆ ಕಾಣುತ್ತೆ, ಮತ್ತು ಅದಕ್ಕೆ ಮೊದಲು ಸಿಕ್ಕಿಬೀಳೋದು ಆಯಿಯ ವಯಸ್ಸಿನವರು, ಎಳೆ ಕೂಸುಗಳು.

ನಾವು ಕೊಟ್ಟ ಉತ್ತರ

ನಾಲ್ಕು ದಿನದ ನಂತರ ಕಾಕಾಗೆ ಉತ್ತರ ಹೇಳಿದ್ವಿ.

ಮೊದಲನೇದು, ಹಿಂದಿನ ಅರ್ಧ ಕೆಡವೋದು ಬೇಡ. ಗೆದ್ದಲು ತಿಂದ ಜಂತಿ ಮಾತ್ರ ಬದಲಾಯಿಸೋಣ, ಗೋಡೆಯ ಬುಡಕ್ಕೆ ಮಳೆನೀರು ನಿಲ್ಲದ ಹಾಗೆ ಶಹಾಬಾದ್ ಕಲ್ಲು ಹಾಸೋಣ.

ಎರಡನೇದು ಮುಂದಿನ ಸ್ಲ್ಯಾಬ್. ಬಿಲ್ಡಿಂಗ್ ಕನ್‌ಸ್ಟ್ರಕ್ಷನ್ ಪುಸ್ತಕದಲ್ಲಿ "ಮಡ್ ಫಸ್ಕಾ" ಅಂತ ಎರಡು ಮಾರ್ಕ್ಸಿಗೆ ಓದಿರ್ತೀರಿ. ಸ್ಲ್ಯಾಬ್ ಮೇಲೆ ಹೊಟ್ಟು ಕಲಸಿದ ಮಣ್ಣನ್ನ ದಮ್ಮಸ್ ಮಾಡಿ, ಸಗಣಿ ಸಾರಿಸಿ, ಮೇಲೆ ಇಟ್ಟಿಗೆ ಬಿಲ್ಲೆ ಜೋಡಿಸೋದು. ಅದಕ್ಕೆ ಐಎಸ್ 2115 ಅಂತ ಕೋಡ್ ಕೂಡ ಇದೆ. ಓದುವಾಗ ನಮಗೆ ಹೊಳೆದಿರಲಿಲ್ಲ, ಇದು ಮುತ್ಯಾನ ಮಾಳಿಗಿಯ ಹತ್ತಿರದ ಸಂಬಂಧಿ. ಆದರೆ ಹುಷಾರು. 10 ಸೆಂಟಿಮೀಟರ್ ಮಣ್ಣು ಅಂದ್ರೆ ಪ್ರತಿ ಚದರ ಮೀಟರಿಗೆ ಸುಮಾರು 170 ಕೆ.ಜಿ. ಭಾರ. ಜನ ಓಡಾಡೋ ಮಾಳಿಗೆಗೆ ನಾವು ಡಿಸೈನ್‌ನಲ್ಲಿ ಹಿಡಿಯೋ ಲೈವ್ ಲೋಡೇ 1.5 ಕಿಲೋನ್ಯೂಟನ್, ಅಂದ್ರೆ 150 ಕೆ.ಜಿ. ಚಿಲ್ಲರೆ. ಕಂಬಿ ಎಷ್ಟು ಹಾಕಿದ್ದಾರೆ ಅಂತ ಗೊತ್ತಿಲ್ಲದ ಹಳೇ ಸ್ಲ್ಯಾಬ್ ಮೇಲೆ ಸುಮ್ಮನೆ ಮಣ್ಣು ಸುರಿಯೋದು ಅಪಾಯ. ಗೊತ್ತಿರೋ ಇಂಜಿನಿಯರ್ ನೋಡಿ ಹೇಳೋವರೆಗೆ ಸುಣ್ಣ ಸಾಕು. ದಪ್ಪಗೆ ಬಳಿದ ಬಿಳಿ ಸುಣ್ಣ ಬಿಸಿಲಿನ ಹೆಚ್ಚಿನ ಪಾಲನ್ನ ಬಂದ ದಾರಿಗೇ ವಾಪಸ್ ಕಳಿಸುತ್ತೆ, ಭಾರವೂ ಇಲ್ಲ, ಖರ್ಚೂ ಕಡಿಮೆ.

ಕಾಕಾ ಎಲ್ಲಾ ಕೇಳಿದರು. "ಸುಣ್ಣ ನಾಳೇನೇ ಹೊಡೀರಿ, ಇಬ್ರೂ ಖಾಲಿನೇ ಇದ್ದೀರಿ," ಅಂದರು. ಹೊಡೆದ್ವಿ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಆಯಿಯ ಟೈಮ್‌ಟೇಬಲ್ ಪ್ರಕಾರ. ಜೆಸಿಬಿಯವನಿಗೆ ಸದ್ಯಕ್ಕೆ ಬರಬೇಡ ಅಂತ ಫೋನ್ ಹೋಗಿದೆ. ಮಳೆಗಾಲ ಮುಗಿದ ಮೇಲೆ ಮತ್ತೆ ಮಾತಾಡೋಣ ಅಂದಿದ್ದಾರೆ. ಒಂದು ತೊಡಕು ಉಳಿದಿದೆ. ಮಾಳಿಗಿಗೆ ಸವುಳ ಮಣ್ಣು ಹದ ಮಾಡಿ ಹಾಕೋದು ಗೊತ್ತಿರೋರು ನಮ್ಮೂರಲ್ಲಿ ಈಗ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ. ದಸರಾ ರಜೆಯಲ್ಲಿ ಅವರ ಹತ್ರ ಕೂತು ಕಲಿಯೋದು, ವಿಡಿಯೋ ಮಾಡಿಕೊಳ್ಳೋದು ಅಂತ ಠರಾಯಿಸಿದ್ದೇವೆ.

ನಿಮ್ಮದೂ ಆಳಂದ, ಅಫಜಲಪುರ, ಸೇಡಂ, ಸಿಂದಗಿ, ಎಲ್ಲೇ ಆಗಲಿ, ಊರಲ್ಲಿ ಇಂಥ ಮನೆ ಇದ್ದರೆ ಈ ರಜೆಯಲ್ಲಿ ಒಂದು ಟೇಪ್ ತಗೊಂಡು ಹೋಗಿ. ಗೋಡೆಯ ದಪ್ಪ, ಮಾಳಿಗಿಯ ಮಣ್ಣಿನ ದಪ್ಪ, ಬೆಳಕಿಂಡಿಯ ಅಳತೆ ಬರೆದುಕೊಳ್ಳಿ. ಮಧ್ಯಾಹ್ನ ಎಲ್ಲಿ ಮಲಗ್ತಿದ್ರಿ, ರಾತ್ರಿ ಎಲ್ಲಿ ಮಲಗ್ತಿದ್ರಿ ಅಂತ ಮನೆಯ ಹಿರಿಯರನ್ನ ಕೇಳಿ. ಕನ್ನಡ ಸಂಘದ ರೂಮಿಗೆ ತಂದು ಕೊಡಿ, ಎಲ್ಲಾ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಹಾಕೋಣ. ಜೆಸಿಬಿ ಬರೋದಕ್ಕೆ ಮೊದಲು ಅಳೆದರೆ ಒಳ್ಳೇದು.